ದಿನವೂ ಕಾರ್ಣಿಕ ಕೇಳುವ ಮನಸ್ಸು

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕನ ಮರಡಿ ತುಂಬಿ ತುಳುಕುತ್ತದೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಬಂಡಿ, ಟ್ರ್ಯಾಕ್ಟರುಗಳು ತುಂಗಭದ್ರೆಯ ದಂಡೆಯಲ್ಲಿ ಬೀಡುಬಿಟ್ಟಿರುತ್ತವೆ. ಎಲ್ಲಿ ನೋಡಿದರೂ ಭಂಡಾರದ ಹಳದಿ, ಡಮರುಗದ ಸದ್ದು. ವ್ರತ ಹಿಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದದ್ದೇ ತಡ, ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆಮೇಲೆ ಬರುವುದು ಒಂದೇ ಒಂದು ನುಡಿ, ಮುಂದಿನ ದಿನಗಳ ಭವಿಷ್ಯವೆಂದು ಜನ ನಂಬುವ ಕಾರ್ಣಿಕ. ನುಡಿದವನೇ ಆತ ಮೇಲಿನಿಂದ ಜಾರುತ್ತಾನೆ, ಕೆಳಗಿದ್ದವರು ಆತುಕೊಳ್ಳುತ್ತಾರೆ.

ಆ ಮೌನದಲ್ಲಿ ನಿಂತವರ ಎದೆಯಲ್ಲಿ ಇರುವುದೇನು? ಈ ವರ್ಷ ಮಳೆ ಹೇಗೋ, ಉಳ್ಳಾಗಡ್ಡಿಗೆ ರೇಟು ಸಿಗುತ್ತದೋ ಇಲ್ಲವೋ, ಕೊರೆಸಿದ ಬೋರಿನಲ್ಲಿ ನೀರು ನಿಲ್ಲುತ್ತದೋ, ಮಗಳ ಮದುವೆ ಕೂಡಿ ಬರುತ್ತದೋ. ನಾಳೆಯ ಬಗ್ಗೆ ಚಿಂತೆ ಇಲ್ಲದ ರೈತ ಇಲ್ಲ. ಆದರೆ ಕಾರ್ಣಿಕ ಕೇಳಿದವರು ಊರಿಗೆ ಮರಳುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಮರುದಿನ ಕೆಲಸಕ್ಕೆ ಹೋಗುತ್ತಾರೆ.

ಕೆಲವರಿಗೆ ಇದು ಆಗುವುದಿಲ್ಲ. ವರ್ಷಕ್ಕೊಂದು ಕಾರ್ಣಿಕ ಅವರಿಗೆ ಸಾಲದು. ಅವರ ಮನಸ್ಸು ದಿನವೂ, ಗಳಿಗೆಗೊಮ್ಮೆಯೂ ಕಾರ್ಣಿಕ ಕೇಳುತ್ತಿರುತ್ತದೆ: ಮುಂದೇನಾಗುತ್ತದೆ, ಹೇಳು. ಉತ್ತರ ಸಿಗುವುದಿಲ್ಲ, ಪ್ರಶ್ನೆ ನಿಲ್ಲುವುದಿಲ್ಲ. ವೈದ್ಯರು ಇದನ್ನು ‘ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್’ ಎನ್ನುತ್ತಾರೆ. ಕನ್ನಡದಲ್ಲಿ ಸರಳವಾಗಿ ಹೇಳುವುದಾದರೆ, ಎಲ್ಲದಕ್ಕೂ ಹಬ್ಬಿಕೊಂಡ ಆತಂಕದ ಕಾಯಿಲೆ.

ಗೆರೆ ಎಲ್ಲಿದೆ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಕಾಯಿಲೆಯವರ ಸ್ಥಿತಿ ಅದರ ತಿರುವುಮುರುವು: ಕದ ಹಾಕಿ, ದೀಪ ಆರಿಸಿ, ಊರೆಲ್ಲ ಮಲಗಿದ ಮೇಲೂ ಅವರ ತಲೆಯೊಳಗೆ ಸಂತೆ ನಡೆಯುತ್ತಲೇ ಇರುತ್ತದೆ.

ಹಾಗಂತ ಚಿಂತಿಸುವವರೆಲ್ಲ ರೋಗಿಗಳಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತ ಕರಡಿಧಾಮವಿದೆ. ಅಲ್ಲಿ ರಾತ್ರಿ ಹೊಲ ಕಾಯುವವನಿಗೆ ಪೊದೆ ಅಲುಗಿದರೆ ಎದೆ ಹೊಡೆದುಕೊಳ್ಳಲೇಬೇಕು, ಮೈ ಬಿಗಿಯಲೇಬೇಕು. ಜೀವ ಉಳಿಸುವ ಭಯ ಅದು. ಬೆಳಗಾಗಿ ಮನೆಗೆ ಬಂದ ಮೇಲೂ, ಅಂಗಳದಲ್ಲಿ ಕೋಳಿ ಓಡಾಡಿದರೂ ಕರಡಿ ಬಂತೆಂದೇ ಮೈ ಬಿಗಿಯತೊಡಗಿದರೆ ಆಗ ಅದು ಕಾಯಿಲೆ. ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಈ ಕಾಯಿಲೆಯಲ್ಲಿ ಗಂಟೆ ಸಣ್ಣ ಸದ್ದಿಗೂ ಬಾರಿಸುತ್ತದೆ. ‘ಏನಿಲ್ಲ, ಸುಮ್ಮನಿರು’ ಎಂದು ಅದನ್ನು ತಡೆಯಬೇಕಾದ ಮುಂಭಾಗದ ಮಿದುಳಿನ ಮಾತು ಕೇಳಿಸುವುದೇ ಇಲ್ಲ.

ವೈದ್ಯರು ಗೆರೆ ಎಳೆಯುವುದು ಹೀಗೆ. ಹಲವು ವಿಷಯಗಳ ಬಗ್ಗೆ ಮಿತಿಮೀರಿದ ಚಿಂತೆ ಇರಬೇಕು. ಅದು ಕನಿಷ್ಠ 6 ತಿಂಗಳಿಂದ, ಹೆಚ್ಚಿನ ದಿನಗಳಲ್ಲಿ ಕಾಡಿರಬೇಕು. ಬೇಡವೆಂದರೂ ನಿಲ್ಲಿಸಲು ಆಗುತ್ತಿರಬಾರದು. ಜೊತೆಗೆ ಚಡಪಡಿಕೆ, ಬೇಗ ದಣಿವು, ಗಮನ ನಿಲ್ಲದಿರುವುದು, ಸಿಡಿಮಿಡಿ, ಮೈ ಬಿಗಿತ, ನಿದ್ದೆಗೇಡು ಈ 6ರಲ್ಲಿ 3 ಆದರೂ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದರಿಂದ ಮನೆ, ಹೊಲ, ಕೆಲಸ ಕೆಡುತ್ತಿರಬೇಕು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈ ಕಾಯಿಲೆಗೆ ಬೇರೆಯೇ ಹೆಸರು ಸಿಕ್ಕಿದ್ದು 1980ರಲ್ಲಿ. ಅಲ್ಲಿಯವರೆಗೆ ಎಲ್ಲ ಬಗೆಯ ಗಾಬರಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುತ್ತಿದ್ದರು.

ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಗಂಡಸರಲ್ಲಿ ಅದು ಎಷ್ಟೋ ಸಲ ಬಾಟಲಿಯ ಹಿಂದೆ ಅಡಗಿ ಕೂತಿರುತ್ತದೆ. ‘ನಿದ್ದಿ ಬರಲಿ ಅಂತ ಸ್ವಲ್ಪ ಹಾಕ್ತೀನಿ’ ಎಂಬ ಮಾತು ಕೇಳಿದ್ದೀರಲ್ಲ? ಕುಡಿತ ಒಂದೆರಡು ತಾಸು ಮಂಪರು ಕೊಡುತ್ತದೆ. ನಸುಕಿನಲ್ಲಿ ಇಳಿಯುವಾಗ ಗಾಬರಿಯನ್ನು ಇನ್ನಷ್ಟು ಏರಿಸಿ ಹೋಗುತ್ತದೆ.

ಮಾತಾಡುವುದು ಮೈ

ಆಸ್ಪತ್ರೆಗೆ ಬಂದು ‘ನನಗೆ ಆತಂಕ’ ಎನ್ನುವವರು ನಮ್ಮ ಕಡೆ ಕಡಿಮೆ. ಹಡಗಲಿ ಕಡೆಯ ಹಳ್ಳಿಯ 45ರ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಎರಡು ಇಸಿಜಿ, ಒಂದು ಹೊಟ್ಟೆ ಸ್ಕ್ಯಾನಿಂಗ್, ಮೂರ್ನಾಲ್ಕು ಕಡೆಯ ಚೀಟಿಗಳು. ಎಲ್ಲದರಲ್ಲೂ ‘ನಾರ್ಮಲ್’.

“ಏನಾಗ್ತೈತಿ ಅವ್ವಾ?”

“ಎದಿ ಡವಡವ ಅಂತೈತ್ರಿ. ಕೈಕಾಲಾಗ ಶಕ್ತಿ ಇಲ್ಲ. ಹೊಟ್ಟಿ ಉಬ್ಬರಿಸ್ತೈತಿ. ನಿದ್ದಿ ಬರಂಗಿಲ್ಲ.”

ಇಲ್ಲಿಗೇ ನಿಂತರೆ ಆಕೆಗೆ ಗ್ಯಾಸ್ ಮಾತ್ರೆ, ಶಕ್ತಿಯ ಸೂಜಿ, ಒಂದು ಗ್ಲೂಕೋಸ್ ಬಾಟಲಿ ಗ್ಯಾರಂಟಿ. ಹಿಂದಿನ ಚೀಟಿಗಳಲ್ಲೂ ಇದ್ದದ್ದು ಅವೇ. ಆದರೆ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು ಎಂದುಕೊಳ್ಳಿ.

“ನಿದ್ದಿ ಬರದಾಗ ಏನೇನು ಯೋಚನಿ ಬರ್ತಾವು?”

“ಒಂದಾ ಎರಡಾ ಸಾಹೇಬ್ರ! ಮಗ ಬೆಂಗಳೂರಾಗ ಗಾಡಿ ಹೊಡೀತಾನ, ಫೋನ್ ಎತ್ತಲಿಲ್ಲಂದ್ರ ಜೀವ ಹಾರ್ತೈತಿ. ಸಂಘದ ಕಂತು ಕಟ್ಟೀನಿ, ಆದ್ರೂ ಮುಂದಿನ ತಿಂಗಳದ್ದು ಹೆಂಗ ಅಂತ. ಏನೂ ಇಲ್ಲದಿದ್ರ, ಯಾಕ ಏನೂ ಇಲ್ಲ ಅಂತ ಅದೂ ಒಂದು ಚಿಂತಿ.”

ಕಾಯಿಲೆ ಸಿಕ್ಕಿದ್ದು ಆ ಕೊನೆಯ ಮಾತಿನಲ್ಲಿ. ಎರಡು ಇಸಿಜಿ ಹಿಡಿಯದಿದ್ದದ್ದನ್ನು ಎರಡು ನಿಮಿಷದ ಪ್ರಶ್ನೆ ಹಿಡಿಯಿತು.

ಆಕೆ ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಮನೆಯವರು ತಿಳಿಯಬೇಕು. ಅಪಾಯದ ಗಂಟೆ ಬಾರಿಸಿದಾಗ ಅಡ್ರಿನಲಿನ್ ಏರಿ ಎದೆ ನಿಜವಾಗಿಯೂ ಜೋರಾಗಿ ಬಡಿಯುತ್ತದೆ. ಕುತ್ತಿಗೆ, ಹೆಗಲಿನ ಸ್ನಾಯುಗಳು ನಿಜವಾಗಿಯೂ ಬಿಗಿಯುತ್ತವೆ. ಜೀರ್ಣ ಏರುಪೇರಾಗಿ ಹೊಟ್ಟೆ ಉಬ್ಬರಿಸುತ್ತದೆ. ತಿಂಗಳುಗಟ್ಟಲೆ ಹೀಗೆ ಬಿಗಿದುಕೊಂಡ ಮೈ ದಣಿಯದೆ ಇನ್ನೇನು?

ಪತ್ತೆಯ ಬಗೆ

ಆತಂಕವನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿಂಗೂ ಇಲ್ಲ. ಆದರೂ ವೈದ್ಯರು ಕೆಲವು ಪರೀಕ್ಷೆ ಬರೆಯುತ್ತಾರೆ. ಆತಂಕದ ವೇಷ ಹಾಕಿ ಬರುವ ಬೇರೆ ಕಾಯಿಲೆಗಳನ್ನು ಹೊರಗಿಡಲು ಅವು ಬೇಕು. ಥೈರಾಯ್ಡ್ ಹೆಚ್ಚಾದರೆ ಎದೆ ಬಡಿತ, ಕೈನಡುಕ, ಬೆವರು ಬರುತ್ತವೆ. ರಕ್ತಹೀನತೆಯಲ್ಲಿ ಸುಸ್ತು, ಏದುಸಿರು. ಸಕ್ಕರೆ ಇಳಿದರೆ ನಡುಕ. ಕೆಲವು ಉಬ್ಬಸದ ಔಷಧಿಗಳೂ, ದಿನಕ್ಕೆ ಎಂಟು ಹತ್ತು ಸಲದ ಚಹಾವೂ, ತಟಕ್ಕನೆ ಬಿಟ್ಟ ಕುಡಿತವೂ ಇದೇ ಲಕ್ಷಣ ತೋರಿಸುತ್ತವೆ.

ಇವೆಲ್ಲ ಅಲ್ಲವೆಂದಾದ ಮೇಲೆ ಮಾತುಕತೆಯೇ ಪರೀಕ್ಷೆ. ಅದಕ್ಕೊಂದು ಸಣ್ಣ ಅಳತೆಗೋಲೂ ಇದೆ. 2006ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು ರೂಪಿಸಿದ ‘ಜಿಎಡಿ-7’ ಎಂಬ ಏಳು ಪ್ರಶ್ನೆಗಳ ಪಟ್ಟಿ ಅದು. ಕಳೆದ ಎರಡು ವಾರದಲ್ಲಿ ಗಾಬರಿ, ನಿಲ್ಲದ ಚಿಂತೆ, ಚಡಪಡಿಕೆ, ಸಿಡುಕು, ಕೆಟ್ಟದ್ದೇನೋ ಆಗಲಿದೆ ಎಂಬ ಭಯ ಎಷ್ಟು ದಿನ ಕಾಡಿತು ಎಂದು ಕೇಳಿ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು 21. 5ಕ್ಕೆ ಸೌಮ್ಯ, 10ಕ್ಕೆ ಮಧ್ಯಮ, 15 ಮುಟ್ಟಿದರೆ ತೀವ್ರ. 10 ಮುಟ್ಟಿದವರನ್ನು ಕೂರಿಸಿಕೊಂಡು ವಿವರವಾಗಿ ವಿಚಾರಿಸಬೇಕು. ಅಂಕ ದಾರಿ ತೋರಿಸುತ್ತದೆ ಅಷ್ಟೆ, ತೀರ್ಮಾನ ವೈದ್ಯರದು. ಖಿನ್ನತೆಯೂ ಜೊತೆಯಲ್ಲಿದೆಯೇ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳುವುದೂ ಇದರ ಭಾಗವೇ.

ಎರಡು ಗೆರೆಯ ನೋಟುಪುಸ್ತಕ

ಚಿಕಿತ್ಸೆಗೆ ಎರಡು ದಾರಿ: ಮಾತು ಮತ್ತು ಮಾತ್ರೆ. ಒಂದನ್ನೇ ಹಿಡಿಯಬಹುದು, ಎರಡನ್ನೂ ಕೂಡಿಸಬಹುದು. ಸೌಮ್ಯವಾಗಿದ್ದರೆ ಮಾತೊಂದೇ ಸಾಕಾಗಬಹುದು. ತೀವ್ರವಾಗಿದ್ದರೆ ಎರಡೂ ಬೇಕಾಗುತ್ತವೆ.

ಮಾತಿನ ಚಿಕಿತ್ಸೆ ಎಂದರೆ ‘ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನ ಎಂದುಕೊಂಡವರು ಹೆಚ್ಚು. ಅದಲ್ಲ. ಹೆಚ್ಚು ಸಾಬೀತಾದ ವಿಧಾನ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಸಿಬಿಟಿ. ಯೋಚಿಸುವ ರೀತಿಯನ್ನೂ ನಡೆದುಕೊಳ್ಳುವ ರೀತಿಯನ್ನೂ ಒಟ್ಟಿಗೆ ತಿದ್ದುವ ತರಬೇತಿ ಇದು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12 ವಾರದ ಆಸುಪಾಸು ನಡೆಯುತ್ತದೆ, ಮನೆಗೆ ಹೋಮ್‌ವರ್ಕ್ ಕೂಡ ಇರುತ್ತದೆ.

ನಮ್ಮ ಹಡಗಲಿಯ ತಾಯಿಗೆ ಮನಃಶಾಸ್ತ್ರಜ್ಞರು ಮೊದಲು ಕೊಡುವುದು ಒಂದು ನೋಟುಪುಸ್ತಕ. ಪುಟದ ನಡುವೆ ಒಂದು ಗೆರೆ. ಎಡಕ್ಕೆ ‘ಏನಾಗುತ್ತದೆ ಅಂದುಕೊಂಡೆ’, ಬಲಕ್ಕೆ ‘ಏನಾಯಿತು’. ಮೊದಲ ದಿನ ಎಡಕ್ಕೆ: ಮಗ ಫೋನ್ ಎತ್ತಲಿಲ್ಲ, ಆಕ್ಸಿಡೆಂಟ್ ಆಗಿರಬೇಕು. ಬಲಕ್ಕೆ: ಗಾಡಿ ಓಡಿಸುತ್ತಿದ್ದ, ಒಂದು ತಾಸಿಗೆ ತಾನೇ ಫೋನ್ ಮಾಡಿದ. ಎರಡು ವಾರದಲ್ಲಿ ಇಂಥ ಇಪ್ಪತ್ತು ಸಾಲು ತುಂಬುತ್ತವೆ. ತನ್ನ ಮನಸ್ಸು ನುಡಿದ ಕಾರ್ಣಿಕಗಳಲ್ಲಿ ನಿಜವಾದವು ಎಷ್ಟೆಂದು ಆಕೆ ತಾನೇ ಎಣಿಸಿಕೊಳ್ಳುತ್ತಾಳೆ. ಬೇರೆಯವರು ನೂರು ಸಲ ಹೇಳಿದರೂ ಆಗದ ಕೆಲಸವನ್ನು ಆಕೆಯದೇ ಅಕ್ಷರ ಮಾಡುತ್ತದೆ. ಬರೆಯಲು ಬಾರದವರು ಮಗಳಿಗೆ ಹೇಳಿ ಬರೆಸಬಹುದು, ಮೊಬೈಲಿನಲ್ಲಿ ಮಾತಾಡಿ ಇಟ್ಟುಕೊಳ್ಳಬಹುದು.

ಮುಂದಿನ ಹೆಜ್ಜೆ ಕಷ್ಟದ್ದು. ಮಗ ಫೋನ್ ಎತ್ತದಿದ್ದರೆ ಆಕೆ ಇದುವರೆಗೆ ಹತ್ತು ಸಲ ಒತ್ತುತ್ತಿದ್ದಳು. ಈಗ ಅರ್ಧ ತಾಸು ಕಾಯಬೇಕು. ಮೊದಲ ದಿನ ಆ ಅರ್ಧ ತಾಸು ಒಂದು ಯುಗ. ಆದರೆ ತುರಿಸಿಕೊಂಡಷ್ಟೂ ತುರಿಕೆ ಹೆಚ್ಚುವಂತೆ, ಮತ್ತೆ ಮತ್ತೆ ಖಾತ್ರಿ ಮಾಡಿಕೊಂಡಷ್ಟೂ ಭಯ ಬೆಳೆಯುತ್ತದೆ. ತುರಿಸದೆ ಕೂತರೆ ಅದು ಏರಿ, ನಿಂತು, ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ಆಕೆಯ ಮೈ ಒಮ್ಮೆ ಕಂಡರೆ ಸಾಕು, ಎರಡನೆಯ ಸಲ ಕಾಯುವುದು ಸುಲಭ.

ಚಿಂತೆಯನ್ನು ಎರಡು ರಾಶಿ ಮಾಡುವುದನ್ನೂ ಕಲಿಸುತ್ತಾರೆ. ‘ಶುಕ್ರವಾರ ಕಂತು ಕಟ್ಟಬೇಕು’ ಎಂಬುದು ಕೈಯಲ್ಲಿರುವ ಕೆಲಸ. ದುಡ್ಡು ಎಲ್ಲಿಂದ ಎಂದು ಕೂತು ಲೆಕ್ಕ ಹಾಕಿದರೆ ಮುಗಿಯಿತು. ‘ಬರುವ ವರ್ಷ ಮಳೆ ಕೈಕೊಟ್ಟರೆ?’ ಎಂಬುದು ಕೈಗೆ ಸಿಗದ ಪ್ರಶ್ನೆ. ಅದನ್ನು ತಳ್ಳಿಹಾಕಲೂ ಬೇಡ, ಬೆನ್ನತ್ತಲೂ ಬೇಡ. ಸಂತೆಗೊಂದು ವಾರ ಇರುವಂತೆ ಚಿಂತೆಗೂ ಒಂದು ಹೊತ್ತು ಗೊತ್ತುಮಾಡಿ: ಸಂಜೆ ಆರರಿಂದ ಆರೂವರೆ. ಮಧ್ಯಾಹ್ನ ಬಂದ ಚಿಂತೆಗೆ ‘ಸಂಜಿಗೆ ಬಾ’ ಎನ್ನುವುದು. ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ಚಿಂತೆಗಳು ದಾರಿಯಲ್ಲೇ ಕಳೆದುಹೋಗಿರುತ್ತವೆ.

ಇದರ ಜೊತೆಗೆ ಮೈ ಸಡಿಲಿಸುವ ಅಭ್ಯಾಸ: ಮುಷ್ಟಿ, ಹೆಗಲು, ಹಣೆ, ಕಾಲುಗಳನ್ನು ಒಂದೊಂದಾಗಿ ಬಿಗಿಹಿಡಿದು ಬಿಡುವುದು. ನಿಧಾನ ಉಸಿರಾಟ, ದಿನಕ್ಕೆ ಅರ್ಧ ತಾಸು ನಡಿಗೆ, ಮಧ್ಯಾಹ್ನದ ಮೇಲೆ ಚಹಾಕ್ಕೆ ಕಡಿವಾಣ. ಇವು ಕಾಯಿಲೆಯನ್ನು ಒಂಟಿಯಾಗಿ ಗೆಲ್ಲಲಾರವು, ಆದರೆ ಬೆನ್ನಿಗೆ ನಿಲ್ಲುತ್ತವೆ.

ಮಾತ್ರೆ ಮಾಡುವ ಕೆಲಸ

ಮೊದಲ ಸಾಲಿನ ಔಷಧಿಗಳು ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥವು. ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್ ಬೇಗ ಹೀರಿಹೋಗದಂತೆ ಇವು ತಡೆಯುತ್ತವೆ. ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್ ಎಂಬ ಇನ್ನೊಂದು ಗುಂಪೂ ಇದೆ. ಚೀಟಿಯಲ್ಲಿ ‘ಖಿನ್ನತೆಯ ಮಾತ್ರೆ’ ಎಂದಿದ್ದರೆ ಗಾಬರಿ ಬೇಡ, ಆತಂಕಕ್ಕೂ ಅವೇ ಮದ್ದು.

ಈ ಮಾತ್ರೆಗಳ ಬಗ್ಗೆ ಮೂರು ಸಂಗತಿ ಮೊದಲೇ ಗೊತ್ತಿದ್ದರೆ ಅರ್ಧಕ್ಕೇ ಬಿಡುವವರು ಕಡಿಮೆಯಾಗುತ್ತಾರೆ.

ಒಂದು, ಇವು ನಿಧಾನ. ಗುಣ ಕಾಣಲು 2ರಿಂದ 6 ವಾರ ಬೇಕು. ಬಿತ್ತಿದ ಮರುದಿನ ಕಾಳು ಕೇಳಿದಂತೆ ನಾಲ್ಕನೇ ದಿನಕ್ಕೆ ‘ಏನೂ ಆಗಲಿಲ್ಲ’ ಎನ್ನಬಾರದು. ಎರಡು, ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಆಮೇಲೆ. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ಭೇದಿ, ಕೆಲವರಿಗೆ ಗಾಬರಿಯೇ ತುಸು ಹೆಚ್ಚಾದಂತೆ ಅನಿಸಬಹುದು. ಅದಕ್ಕೇ ವೈದ್ಯರು ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು. ನಾಚಿಕೆ ಬಿಟ್ಟು ಹೇಳಿದರೆ ಬದಲಿ ದಾರಿ ಇದೆ. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೂರು, ಗುಣವಾದ ಕೂಡಲೇ ನಿಲ್ಲಿಸುವಂತಿಲ್ಲ. ಸುಧಾರಿಸಿದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ತಟಕ್ಕನೆ ಬಿಟ್ಟರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಚಟ ಹಿಡಿದಿದೆ ಎಂದು ಇದರ ಅರ್ಥವಲ್ಲ, ಹೊಂದಿಕೊಂಡ ಮೈಗೆ ಸಮಯ ಬೇಕು ಅಷ್ಟೆ. ಬಸುರಿಯರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ನಿದ್ದೆ ಮಾತ್ರೆಯ ಸುಳಿ

ಚಟ ಹಿಡಿಸುವ ಗುಂಪು ಬೇರೆಯೇ ಇದೆ: ಅಲ್ಪ್ರಜೋಲಮ್, ಕ್ಲೋನಾಜೆಪಮ್, ಡಯಾಜೆಪಮ್. ಊರಲ್ಲಿ ಇವಕ್ಕೆಲ್ಲ ಒಂದೇ ಹೆಸರು, ‘ನಿದ್ದಿ ಗುಳಿಗಿ’. ಅರ್ಧ ತಾಸಿನಲ್ಲಿ ಎದೆ ತಣ್ಣಗಾಗುತ್ತದೆ. ಇವುಗಳ ಗುಣವೂ ಅದೇ, ಅಪಾಯವೂ ಅದೇ. ಕೆಲವು ವಾರಗಳಲ್ಲಿ ಮೈ ಒಗ್ಗಿಕೊಂಡು ಒಂದು ಮಾತ್ರೆಯ ಜಾಗಕ್ಕೆ ಎರಡು ಬೇಕಾಗುತ್ತದೆ. ಬಿಡಲು ಹೋದರೆ ಗಾಬರಿ ಹಿಂದಿಗಿಂತ ಜೋರಾಗಿ ಮರಳುತ್ತದೆ. ಹೆಚ್ಚು ಕಾಲ ತಿಂದವರು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು. ಮದ್ಯದ ಜೊತೆ ಸೇರಿದರೆ ಉಸಿರೇ ಕುಗ್ಗುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೂ ಇದು ಕಾರಣ.

ವೈದ್ಯರು ಇವನ್ನು ಬರೆಯುವುದೇ ಇಲ್ಲವೆಂದಲ್ಲ. ಮೊದಲ ಸಾಲಿನ ಮಾತ್ರೆ ಹತ್ತುವವರೆಗೆ 2ರಿಂದ 4 ವಾರದ ಊರುಗೋಲಾಗಿ ಕೊಡುವುದುಂಟು. ಆ ಹಳೆಯ ಚೀಟಿಯನ್ನೇ ಹಿಡಿದು ವರ್ಷಗಟ್ಟಲೆ ಮೆಡಿಕಲ್ ಶಾಪಿಗೆ ಅಲೆಯುವುದು ತಪ್ಪು. ಅಲ್ಪ್ರಜೋಲಮ್‌ನಂಥ ಔಷಧಿಗಳನ್ನು 2014ರಿಂದ ಬಿಗಿ ನಿಯಮದ ಎಚ್1 ಪಟ್ಟಿಗೆ ಸೇರಿಸಲಾಗಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ದಾಖಲಿಸಬೇಕು.

ಬಳ್ಳಾರಿ ಕಲಿಸಿದ ಪಾಠ

‘ಇದೆಲ್ಲ ಬೆಂಗಳೂರಿನ ಮಾತು, ನಮ್ಮೂರಲ್ಲಿ ಯಾರಿದ್ದಾರೆ?’ ಎಂದು ಕೇಳುವವರಿಗೆ ಒಂದು ಹೆಮ್ಮೆಯ ಸಂಗತಿ ಹೇಳಬೇಕು. ಮಾನಸಿಕ ಕಾಯಿಲೆಗೆ ಊರ ಆಸ್ಪತ್ರೆಯಲ್ಲೇ ಚಿಕಿತ್ಸೆ ಕೊಡಬಹುದೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ಇದೇ ಸೀಮೆ.

ಭಾರತ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಿಸಿತು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ದೇಶದಲ್ಲಿ ಅದನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆ? ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರದಲ್ಲಿ ಹಳ್ಳಿಗರ ನಡುವೆ ಇದರ ಪ್ರಯೋಗ ಮಾಡಿತ್ತು. 1985ರ ಹೊತ್ತಿಗೆ ಇಡೀ ಒಂದು ಜಿಲ್ಲೆಯನ್ನು ಆಯ್ದುಕೊಂಡಿತು. ಆ ಜಿಲ್ಲೆ ಬಳ್ಳಾರಿ. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಆಗ ಬಳ್ಳಾರಿಯವೇ, ಕೊಟ್ಟೂರು ಕೂಡ್ಲಿಗಿಯೊಳಗೇ ಇತ್ತು. ಇವೆಲ್ಲ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ.

ಉಪಾಯ ಸರಳವಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಚಿಕ್ಕ ತರಬೇತಿ, ಬೇಕಾದಷ್ಟೇ ಔಷಧಿ, ಸುಲಭದ ದಾಖಲೆ ಪುಸ್ತಕ, ಮೇಲಿಂದ ಉಸ್ತುವಾರಿ. ಜ್ವರ ನೋಡುವ ವೈದ್ಯರೇ ಮನಸ್ಸಿನ ಕಾಯಿಲೆಯನ್ನೂ ಗುರುತಿಸಿ ಮದ್ದು ಕೊಟ್ಟರು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಕಡೆ ಶುರುವಾಯಿತು.

ಆದರೆ ಅಂದಿನ ಗಮನ ಮುಖ್ಯವಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. ಬೀದಿಯಲ್ಲಿ ಕೂಗಾಡುವವರ ಕಾಯಿಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಡುಗೆಮನೆಯಲ್ಲಿ ಎದೆ ಹಿಡಿದು ಕೂತವಳದ್ದು ಬೀಳುವುದಿಲ್ಲ. ಅದರ ಫಲ ಲೆಕ್ಕದಲ್ಲೇ ಕಾಣುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋಬೇನೆ ಇರುವ 100 ಜನರಲ್ಲಿ ಸುಮಾರು 85 ಮಂದಿ ಚಿಕಿತ್ಸೆಯ ಹೊರಗೇ ಇದ್ದರು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ ಹೋಗುವುದು ಒಳ್ಳೆಯದು. ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ.

ಮನೆಯಿಂದ ಹೊರಡಲು ಆಗದಿದ್ದರೆ ಫೋನ್ ಸಾಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು ಎಂಬುದೂ ನೆನಪಿರಲಿ.

ಮೈಲಾರಲಿಂಗನಿಗೆ ಹರಕೆ ಹೊತ್ತವರು ಹೊತ್ತುಕೊಳ್ಳಲಿ, ಕೊಟ್ಟೂರೇಶ್ವರನಿಗೆ ಕಾಯಿ ಒಡೆಯುವವರು ಒಡೆಯಲಿ. ಅದರಿಂದ ಮಾತ್ರೆ ಕೆಡುವುದಿಲ್ಲ. ಹರಕೆ ತೀರಿಸಿದ ಮೇಲೆ ನೋಡೋಣ ಎಂದು ಚಿಕಿತ್ಸೆ ಮುಂದೂಡುವುದು ಮಾತ್ರ ಬೇಡ.

ಕಾರ್ಣಿಕದ ನುಡಿ ಯಾವತ್ತೂ ಒಗಟು. ಚಹಾದಂಗಡಿಯಲ್ಲಿ ಒಬ್ಬ ಅದನ್ನು ಮಳೆಗೆ ಹಚ್ಚುತ್ತಾನೆ, ಇನ್ನೊಬ್ಬ ರಾಜಕೀಯಕ್ಕೆ. ಅರ್ಥ ಪೂರ್ತಿ ಬಿಡಿಸಿಕೊಂಡ ಮೇಲೆಯೇ ಬಿತ್ತುತ್ತೇನೆ ಎಂದು ಯಾವ ರೈತನೂ ಕೂತಿದ್ದಿಲ್ಲ. ಅರ್ಥವಾದಷ್ಟನ್ನು ಇಟ್ಟುಕೊಂಡು, ಹದ ಬಿದ್ದಾಗ ಕೂರಿಗೆ ಹೂಡುತ್ತಾನೆ. ಆತಂಕದ ಚಿಕಿತ್ಸೆ ಮರಳಿ ಕಲಿಸುವುದೂ ಇಷ್ಟನ್ನೇ. ನಿಮ್ಮ ಮನೆಯಲ್ಲಿ ಆರು ತಿಂಗಳಿಂದ ನಿದ್ದೆ ಇಲ್ಲದೆ ಎದೆ ಹಿಡಿದು ಕೂತವರಿದ್ದರೆ ‘ಯಾಕಷ್ಟು ಚಿಂತಿ ಮಾಡ್ತಿ’ ಎಂದು ಗದರಬೇಡಿ. ಮನೋವೈದ್ಯರು ಬರುವ ಮಂಗಳವಾರ ಅವರ ಜೊತೆ ನೀವೂ ತಾಲ್ಲೂಕು ಆಸ್ಪತ್ರೆಗೆ ಹೋಗಿ.